ಧರ್ಮದ ದಟ್ಟಿಗೆ ಸ್ಕೇಲು ಹಿಡಿದಾಗ

ಸರಿಯಾದ ಉತ್ತರವನ್ನು ರಬ್ಬರು ಹಿಡಿದು ಉಜ್ಜಿ ಉಜ್ಜಿ ಅಳಿಸುವವರನ್ನು ನೀವು ನೋಡಿದ್ದೀರಾ? ತಪ್ಪನ್ನು ಅಳಿಸುವವರನ್ನು ನಾನು ಮೇಡಂ ಆದಾಗಿನಿಂದ ನೋಡುತ್ತಿದ್ದೇನೆ. ಸರಿಯನ್ನು ಅಳಿಸುವವಳನ್ನು ನೋಡಿದ್ದು ಕಳೆದ ವಾರ.

ಅವಳ ಹೆಸರು ನಯನಾ. ಶೆಟ್ಟಿಕೊಪ್ಪದಿಂದ ಬಸ್ಸಿನಲ್ಲಿ ಕೊಪ್ಪಕ್ಕೆ, ನಮ್ಮ ಹೈಸ್ಕೂಲಿಗೆ ಬರುತ್ತಾಳೆ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಉಳಿದ ಎಲ್ಲ ವಿಷಯ ಪಾಸು, ಗಣಿತ ಮಾತ್ರ ಫೇಲು. (ಯಾರ ಪಾಠ ಎಂದು ಕೇಳಬೇಡಿ. ನನ್ನದೇ.) ಈಗ ಎರಡನೇ ಪರೀಕ್ಷೆಗೆ ಕಟ್ಟಿದ್ದಾಳೆ. ಅಂಥವರಿಗೆಂದೇ ಬೇಸಿಗೆ ರಜೆಯಲ್ಲಿ ವಿಶೇಷ ತರಗತಿ ನಡೆಸುತ್ತಿದ್ದೇವೆ. ಊರೆಲ್ಲ ಮದುವೆ ಊಟ ಉಣ್ಣುವ ಹೊತ್ತಿನಲ್ಲಿ ನಾವು ಕೆಲವರು ಸಮೀಕರಣ ಬಿಡಿಸುತ್ತೇವೆ.

ನಯನಾಗೆ ಲ್ಯಾಬ್ ಟೆಕ್ನಿಷಿಯನ್ ಆಗಬೇಕು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ರಕ್ತ ನೋಡಬೇಕು. ಅದರ ಡಿಪ್ಲೊಮಾಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು. ಈ ಸಲ ದಾಟಿದರೆ ಈ ವರ್ಷವೇ ಸೀಟು, ಇಲ್ಲದಿದ್ದರೆ ಒಂದು ವರ್ಷ ಮನೆಯಲ್ಲಿ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಯರು ಮತ್ತೆ ಓದಲು ಹೊರಡುವುದು ಎಷ್ಟು ಅಪರೂಪ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಅವಳಿಗೆ ಬೀಜಗಣಿತ ಅಂದರೆ ಆಗುವುದಿಲ್ಲ. ಆದರೆ ಕೈ ಚೊಕ್ಕ. ಗ್ರಾಫ್ ಹಾಳೆ ಕೊಟ್ಟರೆ ಗೆರೆ ಎಳೆಯುವುದನ್ನು ನೋಡಬೇಕು, ಒಂದು ಕೂದಲಿನಷ್ಟೂ ಆಚೀಚೆ ಹೋಗುವುದಿಲ್ಲ. ಗ್ರಾಫಿನ ಪ್ರಶ್ನೆಗೆ ನಾಲ್ಕು ಅಂಕ. ಉಳಿದದ್ದು ಬರಲಿ ಬಿಡಲಿ, ಆ ನಾಲ್ಕನ್ನು ಕೈಬಿಡಬಾರದು ಎಂಬುದು ನಮ್ಮಂಥ ಗಣಿತದ ಮೇಷ್ಟ್ರುಗಳ ಕುಲಾಚಾರ. ಅಂಥ ಗ್ರಾಫನ್ನೇ ಈ ಹುಡುಗಿ ಅಳಿಸುತ್ತಿದ್ದಳು. ಹಾಳೆ ತೂತಾಗಿತ್ತು. ಅಳಿಸದೆ ಉಳಿದಿದ್ದ ತುಂಡು ಗೆರೆ ನೋಡಿದರೆ ಎಲ್ಲ ಸರಿಯಾಗಿಯೇ ಇದೆ!

ಎಂತಕ್ಕೆ ಅಳಿಸುತ್ತಿದ್ದೀಯ ಎಂದು ಕೇಳಿದೆ.

"ಪುಸ್ತಕಕ್ಕೆ ಕೂಡ್ತಾ ಇಲ್ಲ ಟೀಚರ್. ಮೂರು ಸಲ ಹಾಕ್ದೆ. ನಂಗೆ ಗ್ರಾಫ್ ಬರಲ್ಲ. ಪರೀಕ್ಷೆಲಿ ಆ ಪ್ರಶ್ನೆ ಬಿಟ್ಬಿಡ್ತೀನಿ."

ಆ ಪುಸ್ತಕ ಮಾಡಿದವಳು ನಾನೇ.

ಕಥೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಮ್ಮೆ ಫೇಲಾದ ಮಕ್ಕಳಿಗೆ ಒಂದು ವಿಚಿತ್ರ ಸಂಕೋಚ ಇರುತ್ತದೆ. ಬರೆದದ್ದನ್ನು ಯಾರಿಗೂ ತೋರಿಸುವುದಿಲ್ಲ. ಪಕ್ಕ ಹೋಗಿ ನಿಂತರೆ ಮೊಣಕೈ ಅಡ್ಡ ಇಡುತ್ತಾರೆ. ಹಾಗಾಗಿ ನಾನೊಂದು ಉಪಾಯ ಮಾಡಿದೆ. ಗ್ರಾಫಿನ ಲೆಕ್ಕಗಳ ಒಂದು ಚಿಕ್ಕ ಪುಸ್ತಕ. ಎಡಗಡೆ ಲೆಕ್ಕ, ಬಲಗಡೆ ಉತ್ತರದ ಚಿತ್ರ. ಚಿತ್ರದಲ್ಲಿ ಎರಡು ಅಕ್ಷ, ಎರಡು ಗೆರೆ, ಅಷ್ಟೇ. ಅಂಕಿ ಇಲ್ಲ, ಉತ್ತರವೂ ಇಲ್ಲ. (ಅಂಕಿ ಇದ್ದರೆ ನಮ್ಮ ಮಕ್ಕಳು ಲೆಕ್ಕ ಮಾಡುತ್ತಾರೆಂದು ನೀವು ನಂಬುತ್ತೀರಾ?) ಮಕ್ಕಳು ಮೊದಲು ತಮ್ಮ ಗ್ರಾಫ್ ಹಾಳೆಯಲ್ಲಿ ಲೆಕ್ಕ ಬಿಡಿಸಬೇಕು. ಆಮೇಲೆ ಪುಸ್ತಕದ ಆ ಪುಟದ ಮೇಲೆ ತಮ್ಮ ಹಾಳೆ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿಯಬೇಕು. ಗೆರೆಯ ಮೇಲೆ ಗೆರೆ ಕೂತರೆ ಸರಿ, ಕೂರದಿದ್ದರೆ ತಪ್ಪು. ಯಾರಿಗೂ ತೋರಿಸಬೇಕಾಗಿಲ್ಲ, ಯಾರ ಹತ್ತಿರವೂ ಬೈಸಿಕೊಳ್ಳಬೇಕಾಗಿಲ್ಲ.

ಒಂದೇ ಒಂದು ಷರತ್ತು. ಗ್ರಾಫ್ ಹಾಳೆಯಲ್ಲಿ ಒಂದು ಮಾನಕ್ಕೆ, ಅಂದರೆ ಅಕ್ಷದ ಮೇಲೆ ಒಂದರಿಂದ ಎರಡಕ್ಕೆ ಹೋಗುವಷ್ಟಕ್ಕೆ, ಒಂದು ಸೆಂಟಿಮೀಟರ್. ಪುಸ್ತಕದ ಚಿತ್ರದಲ್ಲೂ ಒಂದು ಮಾನಕ್ಕೆ ಸರಿಯಾಗಿ ಒಂದು ಸೆಂಟಿಮೀಟರ್ ಇರಬೇಕು. ಇಷ್ಟು ಸಣ್ಣ ವಿಷಯ, ಇದರಲ್ಲಿ ಎಡವಲು ಏನಿದೆ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ!

ಗಣಿತದ ನಕ್ಷೆ ಬಿಡಿಸುವ ಒಂದು ಸಾಫ್ಟ್‌ವೇರ್ ಇದೆ. ಸಮೀಕರಣ ಟೈಪ್ ಮಾಡಿದರೆ ಸಾಕು, ಗೆರೆ ತಾನೇ ಬಂದು ನಿಲ್ಲುತ್ತದೆ. ಹಿಂದೊಮ್ಮೆ ತರಬೇತಿಯಲ್ಲಿ ನಮಗೆ ಇದನ್ನು ತೋರಿಸಿದ್ದರು. ಗೆರೆ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದೆವು. ಬಂದ ಗೆರೆಯನ್ನು ಅಲ್ಲಿಂದ ಹೊರಗೆ ತರುವುದು ಹೇಗೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಊಟದ ಹೊತ್ತಾಗಿತ್ತು.

ಮೊದಲು ಸ್ಕ್ರೀನ್‌ಶಾಟ್ ಹೊಡೆದೆ. ಗೆರೆಗಳ ಪಕ್ಕದಲ್ಲೇ 'ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ' ಎಂಬ ಕೆಂಪು ಚೌಕವೂ ಬಂತು. ಅದನ್ನು ಕತ್ತರಿಸಿ ನೋಡಿದರೆ ಗೆರೆ ಕನ್ನಡಕ ಇಲ್ಲದೆ ನೋಡಿದಂತೆ ಮಂಜು ಮಂಜು. ಮೆನುವಿನಲ್ಲಿ ಚಿತ್ರವಾಗಿ ಉಳಿಸುವ ಗುಂಡಿ ಸಿಕ್ಕಿತು. ಒತ್ತಿದೆ. ಬಂತು. ಆದರೆ ಅಳತೆ? ಆ ಗಳಿಗೆಗೆ ಕಂಪ್ಯೂಟರಿನ ಪರದೆಯಲ್ಲಿ ಅದು ಎಷ್ಟಿತ್ತೋ ಅಷ್ಟು. ಮೌಸಿನ ಚಕ್ರಕ್ಕೆ ಬೆರಳು ತಾಗಿದರೆ ಇನ್ನೊಂದು ಅಳತೆ. ಒಂದು ಲೆಕ್ಕದ ಚಿತ್ರ ಅಂಗೈಯಷ್ಟು, ಮುಂದಿನದು ಹಪ್ಪಳದಷ್ಟು.

ಹುಡುಕಿ ಹುಡುಕಿ ಸುಸ್ತಾದ ಮೇಲೆ ಗೊತ್ತಾಯಿತು, ಇಲ್ಲಿ ಗುಂಡಿ ಒತ್ತಿ ಪ್ರಯೋಜನವಿಲ್ಲ. ಆಜ್ಞೆ ಕೊಡಬೇಕು. ಸಮೀಕರಣ ಬರೆಯುವ ಜಾಗದಲ್ಲೇ 'ಎಕ್ಸ್‌ಪೋರ್ಟ್ ಇಮೇಜ್' ಎಂದು ಟೈಪ್ ಮಾಡಿ, ಆವರಣ ತೆರೆದು, ಬೇಕಾದ್ದನ್ನೆಲ್ಲ ಜೋಡಿ ಜೋಡಿಯಾಗಿ ಹೇಳಬೇಕು. ಎಂಥ ಫೈಲು? ಒಂದು ಮಾನಕ್ಕೆ ಎಷ್ಟು ಸೆಂಟಿಮೀಟರ್? ಫೈಲಿಗೆ ಹೆಸರೇನು? ಪ್ರತಿಯೊಂದಕ್ಕೂ ಉದ್ಧರಣ ಚಿಹ್ನೆ, ಪ್ರತಿಯೊಂದರ ನಡುವೆ ಅಲ್ಪವಿರಾಮ. ಸಾಲದ್ದಕ್ಕೆ ಚಿತ್ರ ಎಲ್ಲಿಂದ ಎಲ್ಲಿಗೆ ಎಂದು ಹೇಳಲು ಎರಡು ಮೂಲೆಗೆ ಎರಡು ಬಿಂದು ಇಟ್ಟು ಅವಕ್ಕೂ ನಾಮಕರಣ ಮಾಡಬೇಕು. ಅದು ಹೇಳಿದ ಹೆಸರೇ ಆಗಬೇಕು, ನಮಗೆ ಇಷ್ಟವಾದದ್ದಲ್ಲ.

ಒಂದು ಅಲ್ಪವಿರಾಮ ಬಿಟ್ಟರೆ? 'ಅಮಾನ್ಯ'. ಎಲ್ಲಿ ತಪ್ಪಿದೆ ಎಂದು ಹೇಳುತ್ತದೆಯೇ? ಇಲ್ಲ. ನನ್ನ ಅತ್ತೆಯೂ ಹೀಗೇ, ಸಾರು ಸರಿಯಾಗಿಲ್ಲ ಅನ್ನುವರು, ಏನು ಕಡಿಮೆ ಎಂದು ಮಾತ್ರ ಹೇಳುವವರಲ್ಲ. ಆದರೆ ಒಂದು ಮಾತು ಒಪ್ಪಬೇಕು. ಆಜ್ಞೆ ಸರಿಯಾಗಿ ಕೊಟ್ಟ ಮೇಲೆ ಅದು ಒಂದಿಷ್ಟೂ ಮೋಸ ಮಾಡಲಿಲ್ಲ. ಒಂದು ಅಂದರೆ ಒಂದೇ ಸೆಂಟಿಮೀಟರ್. ಅಗಲ ಎಂಟು, ಎತ್ತರ ಎಂಟು, ಪ್ರತಿ ಚಿತ್ರವೂ ಅಷ್ಟೇ. ಮನುಷ್ಯರ ಹತ್ತಿರ ಇಷ್ಟು ನಿಖರವಾಗಿ ಹೇಳಿದರೂ ಹೀಗೆ ಕೆಲಸ ಆಗುವುದುಂಟೇ? ಆಗುವುದಿಲ್ಲ ಎಂಬುದಕ್ಕೇ ಈಗ ಬರುತ್ತೇನೆ.

ಶೃಂಗೇರಿಯಲ್ಲಿ ಗಿರೀಶನ ಪ್ರೆಸ್ಸು ಇದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಮದುವೆ, ಉಪನಯನ, ಗೃಹಪ್ರವೇಶ, ಎಲ್ಲ ಆಮಂತ್ರಣವೂ ಅವನ ಕೈಯಿಂದಲೇ. ಪುಸ್ತಕ ಉಚಿತವಾಗಿ ಅಚ್ಚು ಹಾಕಿಕೊಡುತ್ತೇನೆಂದು ಅವನಾಗಿಯೇ ಹೇಳಿದ. ಒಳ್ಳೆಯ ಹುಡುಗ. ನಮ್ಮ ಹೆಡ್‌ಮಾಸ್ಟರಿಗೆ ಖುಷಿಯೋ ಖುಷಿ. ನಾನು ಚಿತ್ರಗಳನ್ನೆಲ್ಲ ವಾಟ್ಸಾಪಿನಲ್ಲಿ ಕಳಿಸಿದೆ.

ಬೆಳಿಗ್ಗೆ ಅವನ ಫೋನು. ದನಿಯಲ್ಲಿ ಗಾಬರಿ. ಏನು ಕಳಿಸಿದ್ದೀರಿ ಟೀಚರ್, ಎಲ್ಲ ಬರೀ ಕಪ್ಪು ಬಂದಿದೆ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಇದನ್ನೇ ನೋಡಿದೆ ಅಂದ. ನೋಡಿದರೆ ಹೌದು, ಅಮಾವಾಸ್ಯೆಯ ರಾತ್ರಿಯಲ್ಲಿ ಕರೀ ಗೆರೆ. ಯಾವುದೋ ವಿಡಿಯೊದಲ್ಲಿ ಒಬ್ಬ ಪುಣ್ಯಾತ್ಮ ಹಿನ್ನೆಲೆ ಪಾರದರ್ಶಕ ಮಾಡಿ, ಚೆನ್ನಾಗಿ ಕಾಣುತ್ತದೆ ಅಂದಿದ್ದ. ಅದನ್ನೂ ಆಜ್ಞೆಯಲ್ಲಿ ಸೇರಿಸಿದ್ದೆ. ಫೋನಿನಲ್ಲಿ ಹೋಗುವಾಗ ಆ ಪಾರದರ್ಶಕವೆಲ್ಲ ಕಪ್ಪಾಗಿ ಕೂತಿದೆ. ಮತ್ತೆ ಮೊದಲಿನಿಂದ ಪ್ರತಿಯೊಂದಕ್ಕೂ ಆಜ್ಞೆ. ಮತ್ತೆ ಕಳಿಸಿದೆ.

ಅವನು ಪ್ರೂಫಿನ ಫೋಟೊ ಕಳಿಸಿದ. ಅಂಗೈಯಗಲದ ಪರದೆಯಲ್ಲಿ ನೋಡಿದೆ. ಅಕ್ಷ ಇದೆ, ಗೆರೆ ಇದೆ, ಗೆರೆ ನೇರ ಇದೆ. ಹೆಬ್ಬೆರಳು ಒತ್ತಿ ಕಳಿಸಿದೆ. ಓಕೆ.

ಪುಸ್ತಕ ಬಂತು. ಬಂದ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟರೆ ಆಯಿತಲ್ಲ? ಆಗುವುದಿಲ್ಲ! ನಮ್ಮಲ್ಲಿ ಬಾವಿಗೆ ಪಂಪು ಇಳಿಸಿದರೂ ಉದ್ಘಾಟನೆ ಆಗಬೇಕು. ಹೆಡ್‌ಮಾಸ್ಟರು ರಿಬ್ಬನ್ ಬಿಚ್ಚಿ ಪುಸ್ತಕ ಬಿಡುಗಡೆ ಮಾಡಿದರು. ಗಿರೀಶನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಎಲ್ಲರೂ ಪುಸ್ತಕವನ್ನು ಎದೆಯ ಹತ್ತಿರ ಹಿಡಿದು ಫೋಟೊಕ್ಕೆ ನಿಂತೆವು. ಒಬ್ಬರಾದರೂ ಒಳಗೆ ಬಿಡಿಸಿ ನೋಡಿದೆವೇ?

ಅಚ್ಚಾದದ್ದು ಕುಂಕುಮಗೆಂಪು ಶಾಯಿಯಲ್ಲಿ. ಪುಟದ ಸುತ್ತ ಮಾವಿನೆಲೆಯ ಬಾರ್ಡರು. ಕಪ್ಪು ಶಾಯಿ ಎಂತಕ್ಕೆ ಹಾಕಲಿಲ್ಲ ಎಂದು ಕೇಳಿದ್ದಕ್ಕೆ ಗಿರೀಶ, ಕಪ್ಪಿನಲ್ಲಿ ತಾನು ಹದಿಮೂರನೇ ದಿನದ ಕಾಗದ ಮಾತ್ರ ಹೊಡೆಯುವುದು, ಮಕ್ಕಳದ್ದು ಒಳ್ಳೆ ಕೆಲಸ, ಅದಕ್ಕೆ ಹೇಗೆ ಕಪ್ಪು ಹಾಕಲಿ ಅಂದ. ಅವನು ಹೇಳಿದ್ದರಲ್ಲಿ ಪ್ರೀತಿ ಇತ್ತು, ಹಾಗಾಗಿ ಸುಮ್ಮನಾದೆ. ಆ ಪ್ರೀತಿ ಅಲ್ಲಿಗೇ ನಿಂತಿಲ್ಲ ಎಂಬುದು ನನಗೆ ತಿಳಿದದ್ದು ನಯನಾಳ ಹಾಳೆ ತೂತಾದ ಮೇಲೆ.

ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಚಿತ್ರದ ಮೇಲೆ ಸ್ಕೇಲು ಇಟ್ಟೆ. ಎತ್ತರ ಎಂಟು. ಅಗಲ ಹನ್ನೆರಡು.

ಇನ್ನೊಂದು ಪುಟ. ಎಂಟು, ಹನ್ನೆರಡು. ಇಡೀ ಪುಸ್ತಕ ಹಾಗೆಯೇ. ಪ್ರತಿ ಚಿತ್ರವನ್ನೂ ಎರಡೂ ಬದಿಗೆ ಹಿಡಿದು ಎಳೆದಿದ್ದಾನೆ! ಅದೇ ಒಂದು ವೃತ್ತ ಆಗಿದ್ದರೆ ಎಳೆದ ಕೂಡಲೇ ಕೋಳಿಮೊಟ್ಟೆಯಾಗಿ ಸಿಕ್ಕಿಬೀಳುತ್ತಿತ್ತು. ಇದು ಸರಳರೇಖೆ. ಎಷ್ಟು ಎಳೆದರೂ ಸರಳರೇಖೆಯೇ. ಸ್ವಲ್ಪ ವಾಲುತ್ತದೆ, ಅಷ್ಟೇ. ವಾಲಿದ್ದನ್ನು ಯಾರು ನೋಡುತ್ತಾರೆ?

ಉಳಿದ ಮಕ್ಕಳಿಗೆ ಇದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅವರು ಪುಸ್ತಕದ ಮೇಲೆ ಗ್ರಾಫ್ ಹಾಳೆ ಇಟ್ಟು, ಕಂಡ ಗೆರೆಯ ಮೇಲೆ ಪೆನ್ಸಿಲ್ ಎಳೆದು, ಸರಿ ಎಂದು ಟಿಕ್ ಹಾಕಿಕೊಂಡಿದ್ದರು. ನಾನು ಹೇಳಿದಂತೆ ಮೊದಲು ಲೆಕ್ಕ ಮಾಡಿ ಆಮೇಲೆ ಕಿಟಕಿಗೆ ಹೋದವಳು ಇವಳೊಬ್ಬಳೇ. ಪ್ರಾಮಾಣಿಕಳಾಗಿದ್ದಕ್ಕೆ ಸಿಕ್ಕಿದ ಬಹುಮಾನ, ತೂತಾದ ಹಾಳೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಪುಸ್ತಕ ತಪ್ಪು ನಯನಾ, ನಿನ್ನದೇ ಸರಿ ಅಂದೆ. ಅವಳು ನನ್ನ ಮುಖ ನೋಡಿದಳು. ನಂಬಲಿಲ್ಲ. ಮೆತ್ತಗೆ ಹೇಳಿದಳು, "ಪ್ರಿಂಟ್ ಆಗಿದ್ಯಲ್ಲ ಟೀಚರ್."

ಮುಗಿಯಿತು. ಅಚ್ಚಾದದ್ದು ತಪ್ಪಾಗುವುದುಂಟೇ? ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಿದ್ದಾಳೆ. ಒಂದು ಸಲ ಫೇಲಾದವಳಿಗೆ ತಪ್ಪು ಯಾವಾಗಲೂ ತನ್ನದೇ. ನಾನು ಸ್ಕೇಲು ಇಟ್ಟು ತೋರಿಸಿದರೆ ತಲೆ ಆಡಿಸಿದಳು, ಆದರೆ ಪೆನ್ಸಿಲ್ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದಳು. ಪರೀಕ್ಷೆಗೆ ಉಳಿದಿರುವುದು ಸ್ವಲ್ಪವೇ ದಿನ. ಈ ಹುಡುಗಿಗೆ ಬರುವುದೇ ಗ್ರಾಫು, ಅದನ್ನೂ ಬಿಟ್ಟು ಬರುತ್ತಾಳಂತೆ!

ಗಿರೀಶನಿಗೆ ಫೋನು ಮಾಡಿದೆ. ಎಂತ ಮಾರಾಯ, ಎಂಟು ಇದ್ದದ್ದು ಹನ್ನೆರಡು ಹೇಗಾಯಿತು ಎಂದರೆ ಅವನಿಗೆ ಸಂತೋಷ, ಯಾರೋ ತನ್ನ ಕೆಲಸ ಗಮನಿಸಿದರಲ್ಲ ಎಂದು.

"ಪಕ್ಕದಲ್ಲಿ ಜಾಗ ಖಾಲಿ ಇತ್ತು ಟೀಚರ್, ಬೋಳು ಬೋಳು ಕಾಣ್ತಿತ್ತು. ಸ್ವಲ್ಪ ಎಳ್ದು ತುಂಬ್ಸಿದೀನಿ. ಗೆರೆ ಎಲ್ಲ ಹಂಗೇ ಇದೆಯಲ್ಲ?"

ಅವನನ್ನು ಬೈದು ಏನು ಪ್ರಯೋಜನ? ಅವನ ಕಸುಬಿನಲ್ಲಿ ಪುಟ ಖಾಲಿ ಬಿಟ್ಟರೆ ಗಂಡಿನ ಕಡೆಯವರು ಕೇಳುತ್ತಾರಂತೆ. ಗಣಪತಿ ಸಣ್ಣದಾಯಿತು ಅನ್ನುತ್ತಾರಂತೆ. ಅದಕ್ಕೇ ಗಣಪತಿಯಾಗಲಿ ಗ್ರಾಫಾಗಲಿ, ಬಾರ್ಡರಿನಿಂದ ಬಾರ್ಡರಿನವರೆಗೆ.

ಹೆಡ್‌ಮಾಸ್ಟರ ಹತ್ತಿರ ಹೋಗಿ ಪುಸ್ತಕ ವಾಪಸು ತೆಗೆದುಕೊಳ್ಳಬೇಕು ಅಂದೆ. ಅವರು ಕನ್ನಡಕ ಹಣೆಗೆ ಏರಿಸಿ ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಚೆನ್ನಾಗೇ ಬಂದಿದೆಯಲ್ಲ ಮಾರಾಯ್ರೆ," ಅಂದರು. "ಪುಕ್ಕಟೆ ಮಾಡ್ಕೊಟ್ಟಿದಾನೆ, ಶಾಲು ಹೊದ್ಸಿ ಆಗಿದೆ. ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಲಂತೆ, ಹಂಗಾಯ್ತು ನಿಮ್ಮ ಕಥೆ."

ಗಾದೆ ಕೇಳಿ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ನನಗೂ ನಗು ಬಂತು, ಆಮೇಲೆ ಸಿಟ್ಟು ಬಂತು. ದಟ್ಟಿ ಕೊಟ್ಟವನನ್ನು ಹೊಗಳುವವರು ಬೇಕಾದಷ್ಟು ಜನ. ಉಟ್ಟುಕೊಳ್ಳಬೇಕಾದವಳಿಗೆ ಅದು ಮೊಣಕಾಲಿಗೆ ಸಾಕಾಗುತ್ತದೋ ಇಲ್ಲವೋ ಎಂದು ನೋಡಲು ಮೊಳ ಹಾಕಲೇಬೇಕಲ್ಲ ಸ್ವಾಮಿ?

ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆ, ತಲೆ ತಣ್ಣಗಾಗಲಿ ಎಂದು. ಎದುರಿಗೆ ಗೋಡೆಯಲ್ಲಿ ಟಿವಿ. ಹಳೆಯ ಸಿನಿಮಾ ಒಂದನ್ನು ಪರದೆಯ ಅಗಲಕ್ಕೆ ಎಳೆದು ಹಾಕಿದ್ದಾರೆ. ನಾಯಕಿಯ ಮುಖ ನೆಲ್ಲಿಕಾಯಿ ಇದ್ದದ್ದು ಕುಂಬಳಕಾಯಿ ಆಗಿದೆ. ಎಲ್ಲರೂ ದೋಸೆ ತಿನ್ನುತ್ತ ನೋಡುತ್ತಿದ್ದಾರೆ. ಇದು ಸರಿ ಇಲ್ಲವಲ್ಲ ಎಂದು ಕೇಳಿದರೆ ಹೋಟೆಲಿನವರು, ಎರಡು ಬದಿಗೂ ಕಪ್ಪು ಪಟ್ಟಿ ಬರುತ್ತಿತ್ತು ಮೇಡಂ, ಈಗ ಫುಲ್ ಬರುತ್ತದೆ ಅಂದರು. ರಸ್ತೆಯಲ್ಲಿ ನೋಡಿ, ಫ್ಲೆಕ್ಸಿನಲ್ಲಿರುವ ಮುಖಂಡರೆಲ್ಲ ಒಂದೋ ಉದ್ದ, ಇಲ್ಲವೇ ಅಡ್ಡ. ಹುಟ್ಟುಹಬ್ಬದ ಶುಭಾಶಯದಲ್ಲಿ ಕೂಸಿನ ತಲೆ ಚಪ್ಪಟೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಸುಳ್ಳಾದರೂ ಪರವಾಗಿಲ್ಲ, ಖಾಲಿ ಇರಬಾರದು!

ಹಾಗೆಂದು ನಮಗೆ ತಪ್ಪು ಕಾಣಿಸುವುದೇ ಇಲ್ಲವೇ? ಮದುವೆ ಕಾಗದದಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಲಿ ನೋಡೋಣ. ಬಳಗವೇ ಎದ್ದು ನಿಲ್ಲುತ್ತದೆ. ಕಾಗದ ಮತ್ತೆ ಅಚ್ಚಾಗುತ್ತದೆ. ಮಾವನ ಮಾನಕ್ಕೆ ಇರುವ ಬೆಲೆ ಮಕ್ಕಳ ಲೆಕ್ಕದ ಮಾನಕ್ಕೆ ಇಲ್ಲ. ಚಿತ್ರ ಎಂದರೆ ನಮಗೆ ಅಲಂಕಾರ. ಅದರಲ್ಲೂ ಒಂದು ಮಾತು ಇರುತ್ತದೆ, ಎಳೆದರೆ ಆ ಮಾತು ಸುಳ್ಳಾಗುತ್ತದೆ ಎಂದು ಯಾರಿಗೆ ಹೇಳುವುದು?

ಗಿರೀಶನಿಗೆ ಹೇಳಿದೆ. ಫೋನಿನಲ್ಲಿ ಅಲ್ಲ, ಹರಿಹರಪುರ ದಾಟಿ ಬಸ್ಸಿನಲ್ಲಿ ಶೃಂಗೇರಿಗೆ ಹೋಗಿ. ರಜೆಯ ಜನ, ಮಠದ ದಾರಿಯಲ್ಲಿ ಕಾಲಿಡಲು ಜಾಗವಿಲ್ಲ. ಈ ಸಲ ವಾಟ್ಸಾಪಿನ ಸಹವಾಸವೇ ಬೇಡವೆಂದು ಅದೇ ಆಜ್ಞೆಯಲ್ಲಿ ಪಿಡಿಎಫ್ ಕೇಳಿ, ಪೆನ್‌ಡ್ರೈವಿಗೆ ಹಾಕಿಕೊಂಡು ಸೆರಗಿಗೆ ಕಟ್ಟಿಕೊಳ್ಳುವುದೊಂದು ಬಾಕಿ, ಅಷ್ಟು ಜೋಪಾನವಾಗಿ ಒಯ್ದೆ. ಪ್ರೆಸ್ಸಿನ ತುಂಬ ಮದುವೆಯವರು. ಅಚ್ಚಾದ ಕಾಗದದ ಮೂಲೆಗೆ ಅರಿಸಿನ ಹಚ್ಚುತ್ತ ಒಬ್ಬರು ಅಜ್ಜಿ ಕೂತಿದ್ದರು. ಅವರ ನಡುವೆ ನಾನು ಗ್ರಾಫಿಗೆ ನ್ಯಾಯ ಕೇಳುತ್ತಿದ್ದೆ.

ಗಿರೀಶನ ಮುಂದೆ ನಯನಾಳ ತೂತಾದ ಹಾಳೆ ಇಟ್ಟೆ. ಕಿಟಕಿಯ ವಿಷಯ ಹೇಳಿದೆ. ಇವಳದ್ದು ಸರಿ ಇತ್ತು, ನಿನ್ನ ಚಿತ್ರ ನೋಡಿ ಅಳಿಸಿದಳು ಅಂದೆ. ಅವನು ಹಾಳೆಯ ತೂತಿನಲ್ಲಿ ಬೆರಳಾಡಿಸಿದ. ಅಷ್ಟು ಮುಖ್ಯ ಅಂತ ಗೊತ್ತಿರಲಿಲ್ಲ ಟೀಚರ್ ಅಂದ. ನಾನಾದರೂ ಚಿತ್ರ ಕಳಿಸುವಾಗ ಎಳೆಯಬೇಡ ಎಂದು ಹೇಳಿದ್ದೆನೇ? ಕಂಪ್ಯೂಟರಿಗೆ ಅಷ್ಟೆಲ್ಲ ಆಜ್ಞೆ ಕೊಟ್ಟವಳು, ಮನುಷ್ಯನಿಗೆ ಒಂದು ಮಾತು ಹೇಳಿರಲಿಲ್ಲ.

ಪುಸ್ತಕ ಪೂರ್ತಿ ಮತ್ತೆ ಅಚ್ಚು ಹಾಕಲು ಮುಹೂರ್ತದ ಕಾಲದಲ್ಲಿ ಸಾಧ್ಯವೇ ಇಲ್ಲ. ಉತ್ತರದ ಚಿತ್ರಗಳನ್ನು ಮಾತ್ರ ಬಿಡಿ ಹಾಳೆಗಳಲ್ಲಿ ಹೊಡೆದುಕೊಡುತ್ತೇನೆ ಅಂದ. ಒಮ್ಮೆ ಸುಟ್ಟುಕೊಂಡವಳಲ್ಲವೇ ನಾನು? ಪ್ರತಿ ಹಾಳೆಯ ಕೆಳಗೆ ಒಂದು ಗೆರೆ ಹಾಕಿಸಿದೆ. ಅದರ ಪಕ್ಕದಲ್ಲಿ ಬರೆಸಿದೆ: 'ಈ ಗೆರೆ ಹತ್ತು ಸೆಂಟಿಮೀಟರ್ ಇರಬೇಕು. ಮೊದಲು ಅಳೆದು ನೋಡಿ.'

"ನನ್ ಮೇಲೆ ನಂಬಿಕೆ ಇಲ್ವಾ ಟೀಚರ್?" ಅಂದ.

ಇದೆ, ನಿನ್ನ ಕೈಯ ಮೇಲೆ ಇಲ್ಲ ಅಂದೆ. ಅಜ್ಜಿ ನಕ್ಕರು. ಬಸ್ಸಿಗೆ ಹೊತ್ತಾಗಿ ಹೊರಟೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಕೇಳಿದ, ಚಿತ್ರದ ಎರಡು ಬದಿಗೂ ಇಷ್ಟು ಜಾಗ ಉಳಿಯುತ್ತದಲ್ಲ, ಒಂದು ಬದಿಗೆ ನಿಮ್ಮ ಫೋಟೊ, ಇನ್ನೊಂದು ಬದಿಗೆ ಹೆಡ್‌ಮಾಸ್ಟರ ಫೋಟೊ ಹಾಕಲಾ ಎಂದು. ನಾನು ತಿರುಗಿ ನೋಡಿದ ರೀತಿಗೆ ಉತ್ತರ ಬೇಕಾಗಲಿಲ್ಲ.

ಹಾಳೆಗಳ ಕಟ್ಟು ಬಂದದ್ದು ನಿನ್ನೆ ಬೆಳಿಗ್ಗೆಯ ಬಸ್ಸಿನಲ್ಲಿ. ನಮ್ಮಲ್ಲಿ ಔಷಧಿಯಿಂದ ಹಿಡಿದು ಹಲಸಿನ ಹಪ್ಪಳದವರೆಗೆ ಎಲ್ಲ ಬರುವುದು ಕಂಡಕ್ಟರ ಕೈಯಲ್ಲೇ. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟು ಇಸಿದುಕೊಂಡವಳು ನೇರ ತರಗತಿಗೇ ಹೋದೆ. ಬಿಚ್ಚಿ ಹಂಚಿದೆ. ಮಕ್ಕಳ ಪರೀಕ್ಷೆಗೆ ಇಷ್ಟು ಹೆದರಿದವಳಲ್ಲ ನಾನು.

ನಯನಾ ಬರುತ್ತಾಳೋ ಇಲ್ಲವೋ ಎಂಬ ಅನುಮಾನವೂ ಇತ್ತು. ಬಂದಿದ್ದಳು. ಗ್ರಾಫ್ ಬೇಡ, ಬೇರೆ ಲೆಕ್ಕ ಮಾಡುತ್ತೇನೆ ಅಂದಳು. ಇದೊಂದು ಮಾಡು, ನನಗೋಸ್ಕರ ಅಂದೆ. ಒಲ್ಲದ ಮನಸ್ಸಿನಲ್ಲಿ ಡಬ್ಬಿ ತೆಗೆದಳು. ಅಳಿಸಿದ್ದ ಅದೇ ಲೆಕ್ಕ. ಬಿಂದು ಇಟ್ಟಳು, ಗೆರೆ ಎಳೆದಳು, ಎರಡೂ ಗೆರೆ (3, 2) ಬಿಂದುವಿನಲ್ಲಿ ಕೂಡಿದವು. ಸರಿಯಾಗಿಯೇ ಇದೆ. ಹಾಳೆಗಳೆರಡನ್ನೂ ಹಿಡಿದು ಕಿಟಕಿಗೆ ಹೋದಳು. ನಾನೂ ಹಿಂದೆ ಹೋಗಿ ಇಣುಕಿದೆ.

ಗೆರೆ ಕೂತಿರಲಿಲ್ಲ.

ಹತ್ತಿರ ಹತ್ತಿರ ಕೂತಿತ್ತು, ಪೂರ್ತಿ ಅಲ್ಲ. ನಡುವಿನಲ್ಲಿ ಸರಿ ಇದ್ದದ್ದು ತುದಿಗೆ ಬರುವಾಗ ಒಂದೆರಡು ಮಿಲಿಮೀಟರ್ ತಪ್ಪಿಹೋಗಿತ್ತು. ಏನಾಗಿದೆ ಎಂದು ನನಗೆ ಅಲ್ಲೇ ಹೊಳೆಯಿತು. ಈ ಸಲ ಗಿರೀಶ ಎಳೆದಿಲ್ಲ. ಅವನ ಪ್ರಿಂಟರು ಕುಗ್ಗಿಸಿದೆ. 'ಪುಟಕ್ಕೆ ಹೊಂದಿಸು' ಎಂಬುದಕ್ಕೆ ಟಿಕ್ ಹಾಕಿಯೇ ಇಟ್ಟಿರುತ್ತಾರೆ, ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ಅಂಚು ಕಟ್ಟಾಗದಿರಲಿ ಎಂದು ಅದು ಎಲ್ಲವನ್ನೂ ಒಂದಿಷ್ಟು ಸಣ್ಣದು ಮಾಡಿ ಕೂರಿಸುತ್ತದೆ. ಮನುಷ್ಯ ಬಿಟ್ಟರೆ ಮೆಷಿನು! ಆಜ್ಞೆ ಕಲಿತೆ, ಬಸ್ಸು ಹತ್ತಿದೆ, ಜಗಳ ಆಡಿದೆ, ಕೊನೆಗೆ ಒಂದು ಟಿಕ್ಕಿಗೆ ಸೋತೆ. ಇನ್ನು ಇವಳು ರಬ್ಬರು ತೆಗೆಯುತ್ತಾಳೆ ಎಂದುಕೊಂಡು, ಗಿರೀಶನಿಗೆ ಬೈಯಲು ವ್ಯಾನಿಟಿ ಬ್ಯಾಗಿನೊಳಗೆ ಫೋನು ಹುಡುಕತೊಡಗಿದೆ.

ನಯನಾ ಬೆಂಚಿಗೆ ಹೋದಳು. ಡಬ್ಬಿಗೆ ಕೈ ಹಾಕಿದಳು. ರಬ್ಬರು ತೆಗೆಯಲಿಲ್ಲ, ಸ್ಕೇಲು ತೆಗೆದಳು. ಹಾಳೆಯ ಕೆಳಗಿನ ಆ ಗೆರೆಯ ಮೇಲೆ ಇಟ್ಟಳು. ಮತ್ತೊಮ್ಮೆ ತಿರುಗಿಸಿ ಇಟ್ಟು ನೋಡಿದಳು. ಆಮೇಲೆ ತನ್ನ ಗ್ರಾಫ್ ಹಾಳೆಯ ಮೇಲೂ ಇಟ್ಟು ನೋಡಿದಳು. ಮತ್ತೆ ಅಚ್ಚಾದ ಗೆರೆಗೆ ಸ್ಕೇಲು ಇಟ್ಟು, ಅದು ಮುಗಿದ ಜಾಗವನ್ನು ಉಗುರಿನಲ್ಲಿ ಒತ್ತಿ ಹಿಡಿದು ನನಗೆ ತೋರಿಸಿದಳು. ಹತ್ತಕ್ಕೆ ಮೂರು ಸಣ್ಣ ಗೆರೆ ಕಡಿಮೆ.

"ಟೀಚರ್, ಇದೂ ಸರಿ ಇಲ್ಲ," ಅಂದಳು. "ನಂದು ಸರಿ ಇದೆ."

ಮುಂದಿನ ಲೆಕ್ಕಕ್ಕೆ ಹಾಳೆ ತಿರುಗಿಸಿದಳು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಿಡುತ್ತೀಯಾ ಎಂದು ಕೇಳಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಕೈಗೆ ಫೋನು ಸಿಕ್ಕಿತ್ತು, ಗಿರೀಶನ ಹೆಸರೂ ಸಿಕ್ಕಿತ್ತು.

ಈಗ ನೀವೇ ಹೇಳಿ, ಈ ಗಿರೀಶನಿಗೆ ನಾನು ಬೈಯಬೇಕೋ, ಇನ್ನೊಂದು ಶಾಲು ಹೊದಿಸಬೇಕೋ?